ಗಣಿತದ ಮಾಸ್ತರರು ತಪ್ಪಿದ ಲೆಕ್ಕ: ಹೆಂಪ್ ಬಾಟಲಿ ಓದುವ ಬಗೆ

ಧಾರವಾಡದಲ್ಲಿ ನಾನು ಔಷಧ ಅಂಗಡಿ ಇಟ್ಟು 31 ವರ್ಷವಾಯಿತು. ಈಚೆಗೆ ನಾಲ್ಕೈದು ವರ್ಷಗಳಿಂದ ತಿಂಗಳಿಗೆ ಒಬ್ಬರಾದರೂ ಒಂದು ಪುಟ್ಟ ಬಾಟಲಿ ಹಿಡಿದುಕೊಂಡು ಬರುತ್ತಾರೆ. ಕಂದು ಗಾಜು, ಡ್ರಾಪರ್ ಮುಚ್ಚಳ, ಮೇಲೊಂದು ಹಸಿರು ಚಿತ್ತಾರ. ಆನ್‌ಲೈನಿನಲ್ಲಿ ತರಿಸಿದ್ದು.

"ಅಕ್ಕಾರ, ನಮ್ಮ ಮಗಾ ತರಿಸ್ಯಾನ್ರಿ. ಸೆಣಬಿನ ಎಣ್ಣಿ ಅಂತ. ಇದನ್ನ ಮೊಣಕಾಲಿಗೆ ತಿಕ್ಕೂದೋ, ನಾಲಿಗಿ ಕೆಳಗ ಬಿಟ್ಕೊಳ್ಳೂದೋ?"

ಕನ್ನಡಕ ಏರಿಸಿ ಓದಿದೆ. ಹೆಂಪ್ ಸೀಡ್ ಆಯಿಲ್, ಕೋಲ್ಡ್ ಪ್ರೆಸ್ಡ್, 30 ಎಂಎಲ್. ಬೆಲೆ ಸಾವಿರದ ಹತ್ತಿರ. ಅಂದರೆ ಅದು ಬೀಜದ ಎಣ್ಣೆ. ಅಗಸಿ ಎಣ್ಣೆಯ ದಾಯಾದಿ. ಅವರ ಮಗ ಕೊಂಡಿದ್ದೇನೋ ಸಿಬಿಡಿ, ಅಂದರೆ ಗಾಂಜಾ ಗಿಡದಲ್ಲಿರುವ ಅಮಲಿಲ್ಲದ ಒಂದು ಪದಾರ್ಥ, ಎಂದುಕೊಂಡು. "ತಿಕ್ರಿ, ಕುಡೀರಿ, ಚಟ್ನಿಪುಡಿಗೆ ಹಾಕ್ಕೊಂಡು ರೊಟ್ಟಿ ಜೋಡಿ ತಿನ್ರಿ, ಏನೂ ಆಗೂದಿಲ್ಲ. ಮೊಣಕಾಲಿಗೂ ಏನೂ ಆಗೂದಿಲ್ಲ" ಅಂದೆ. ಅವರ ಮುಖ ಸಣ್ಣದಾಯಿತು. ನನಗೂ ಪಾಪ ಅನ್ನಿಸಿತು. ಆದರೆ ಇದಕ್ಕೆ ಉಲ್ಟಾ ತಪ್ಪೂ ಉಂಟು, ಬೀಜದೆಣ್ಣೆಯಂಥ ಸಾಧು ವಸ್ತು ಅಂದುಕೊಂಡು ನಿಜವಾದ ಅಮಲಿನ ಪದಾರ್ಥವನ್ನೇ ಬಾಯಿಗೆ ಹಾಕಿಕೊಳ್ಳುವುದು. ಅದು ನಮ್ಮ ಮನೆಯಲ್ಲೇ ಆಯಿತು. ಅದನ್ನೂ ಹೇಳುತ್ತೇನೆ.

ಮೊದಲು ಈ 'ಸೆಣಬು' ಎಂಬ ಮಾತನ್ನು ತಲೆಯಿಂದ ತೆಗೆದುಹಾಕಿ. ನಿಘಂಟಿನಲ್ಲಿ ಹೆಂಪ್ ಎಂದರೆ ಸೆಣಬು ಅಂತಲೇ ಸಿಗುತ್ತದೆ, ಗೊಂದಲದ ಮೂಲವೇ ಅದು. ನಮ್ಮ ರೈತರು ಹಸಿರೆಲೆ ಗೊಬ್ಬರಕ್ಕೆ ಬಿತ್ತುವ, ಹಳದಿ ಹೂ ಬಿಡುವ ಸೆಣಬು ಕ್ರೊಟಲೇರಿಯ ಎಂಬ ಬೇರೆಯೇ ಗಿಡ, ಅವರೆ ತೊಗರಿಯ ಬಳಗದ್ದು. ಗೋಣಿಚೀಲದ ಸೆಣಬು ಅದೂ ಅಲ್ಲ, ಅದು ಬಂಗಾಳದ ಜ್ಯೂಟ್. ಇನ್ನು 'ಡೆಕ್ಕನ್ ಹೆಂಪ್' ಎಂದು ಇಂಗ್ಲಿಷಿನವರು ಹೆಸರಿಟ್ಟ ಗಿಡ ಯಾವುದು ಗೊತ್ತೇ? ನಮ್ಮ ಪುಂಡಿ. ಎಲೆಯ ಆಕಾರ ಭಂಗಿಯ ಎಲೆಯನ್ನು ಹೋಲುತ್ತದೆಂದು ಅದರ ಶಾಸ್ತ್ರೀಯ ಹೆಸರಿಗೆ ಕ್ಯಾನಬಿನಸ್ ಎಂದು ಬಾಲಂಗೋಚಿ ಅಂಟಿಸಿದರು. ಪುಂಡಿಪಲ್ಯ ಉಂಡು ಯಾರಿಗೂ ತಲೆ ತಿರುಗಿದ್ದಿಲ್ಲ, ಜೋಳದ ನುಚ್ಚು ಹೆಚ್ಚಾದರೆ ಹೊಟ್ಟೆ ಭಾರವಾಗುತ್ತದೆ ಅಷ್ಟೆ.

ಬಾಟಲಿಯ ಮೇಲಿನ ಹೆಂಪ್ ಇವು ಯಾವುದೂ ಅಲ್ಲ. ಅದು ಕ್ಯಾನಬಿಸ್ ಸಟೈವ. ನಮ್ಮ ಭಂಗಿ, ನಮ್ಮ ಗಾಂಜಾ, ಅದೇ ಗಿಡ, ಅದೇ ಜಾತಿ. ಇಲ್ಲಿಗೆ ಬರುವ ಹತ್ತರಲ್ಲಿ ಒಂಬತ್ತು ಜನ ಹೆಂಪ್ ಒಂದು ಗಿಡ, ಗಾಂಜಾ ಇನ್ನೊಂದು ಗಿಡ ಎಂದು ನಂಬಿರುತ್ತಾರೆ. ಮಾವಿನಲ್ಲಿ ಆಪೂಸು, ರಸಪುರಿ ಇದ್ದ ಹಾಗೆ ತಳಿಯ ವ್ಯತ್ಯಾಸ ಉಂಟು, ನಿಜ. ನಾರಿಗೆಂದು ಬೆಳೆಸಿದ ತಳಿ ಉದ್ದಕ್ಕೆ ಕೋಲಿನಂತೆ ಬೆಳೆಯುತ್ತದೆ. ಅಮಲಿಗೆಂದು ಬೆಳೆಸಿದ ತಳಿ ಪೊದೆಯಾಗಿ, ಹೂಗೊಂಚಲಿನ ತುಂಬ ಅಂಟು ತುಂಬಿಕೊಂಡಿರುತ್ತದೆ. ಆದರೆ ಇವುಗಳ ನಡುವೆ ಗೆರೆ ಎಳೆದವನು ಮನುಷ್ಯ. ಒಣ ತೂಕದಲ್ಲಿ ಟಿಎಚ್‌ಸಿ, ಅಂದರೆ ಅಮಲೇರಿಸುವ ಅಂಶ, ಶೇ 0.3ಕ್ಕಿಂತ ಕಡಿಮೆ ಇದ್ದರೆ ಹೆಂಪ್, ಹೆಚ್ಚಿದ್ದರೆ ಗಾಂಜಾ ಎಂಬ ಗೆರೆ. 1976ರಲ್ಲಿ ಅರ್ನೆಸ್ಟ್ ಸ್ಮಾಲ್ ಎಂಬ ಕೆನಡಾದ ಸಸ್ಯವಿಜ್ಞಾನಿ ತಳಿಗಳನ್ನು ವಿಂಗಡಿಸಲು ಒಂದು ಸಂಖ್ಯೆ ಬೇಕಾಯಿತೆಂದು ಇದನ್ನು ಬಳಸಿದ. ಇದು ಮನಸ್ಸಿಗೆ ತೋಚಿದ ಗಡಿ ಎಂದು ಅವನೇ ಒಪ್ಪಿಕೊಂಡಿದ್ದ. ಅದೇ ಸಂಖ್ಯೆಯನ್ನು ಅಮೆರಿಕ 2018ರ ಫಾರ್ಮ್ ಬಿಲ್ ಎಂಬ ಕೃಷಿ ಕಾಯ್ದೆಯಲ್ಲಿ ಕಾನೂನು ಮಾಡಿತು. ಒಬ್ಬ ವಿಜ್ಞಾನಿಯ ಅನುಕೂಲದ ಗೆರೆ ಸಾವಿರಾರು ಕೋಟಿಯ ಬಾಜಾರಿಗೆ ಬಾಗಿಲಾಯಿತು.

ಹಾಗಾಗಿ ಯಾವುದೇ ಬಾಟಲಿ, ಡಬ್ಬಿ, ಪೊಟ್ಟಣ ಕೈಗೆ ಬಂದರೆ 'ಇದು ಹೆಂಪೋ ಗಾಂಜಾನೋ' ಅಂತ ಕೇಳಬೇಡಿ. ನಾನು ಕೇಳುವುದು ಮೂರೇ: ಗಿಡದ ಯಾವ ಭಾಗ? ಯಾವ ಅಣು? ಎಷ್ಟು ಮಿಲಿಗ್ರಾಂ?

ಬೀಜವೋ, ಎಲೆಯೋ, ಹೂವೋ

ಬೀಜದೊಳಗೆ ಅಮಲಿನ ಅಂಶವೂ ಇಲ್ಲ, ಸಿಬಿಡಿಯೂ ಇಲ್ಲ. ಸಿಪ್ಪೆಯ ಮೇಲೆ ಹೂವಿನ ಅಂಟು ಒಂದಿಷ್ಟು ಮೆತ್ತಿಕೊಂಡಿದ್ದರೆ ಅದರಿಂದ ಲೇಶಮಾತ್ರ ಬರಬಹುದು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಎಫ್‌ಎಸ್‌ಎಸ್‌ಎಐ, 2021ರ ನವೆಂಬರಿನಲ್ಲಿ ಹೆಂಪ್ ಬೀಜ, ಬೀಜದ ಹಿಟ್ಟು, ಬೀಜದ ಎಣ್ಣೆಯನ್ನು ಆಹಾರವೆಂದು ಒಪ್ಪಿಕೊಂಡಿತು. ಬೀಜದಲ್ಲಿ ಕಿಲೋಗೆ 5 ಮಿಲಿಗ್ರಾಂ, ಎಣ್ಣೆಯಲ್ಲಿ ಕಿಲೋಗೆ 10 ಮಿಲಿಗ್ರಾಂ ದಾಟಬಾರದು ಎಂದು ಟಿಎಚ್‌ಸಿಗೆ ಮಿತಿ. ಸಿಬಿಡಿಗೂ ಕಿಲೋಗೆ 75 ಮಿಲಿಗ್ರಾಂ ಮಿತಿ ಇದೆ. ಈ ಕೊನೆಯ ಅಂಕಿಯನ್ನು ನೆನಪಿಡಿ. 30 ಎಂಎಲ್ ಎಣ್ಣೆ ತೂಗುವುದು 28 ಗ್ರಾಂ ಒಳಗೆ. ನಿಯಮದಂತೆ ಅದರಲ್ಲಿ ಹೆಚ್ಚೆಂದರೆ ಎರಡು ಮಿಲಿಗ್ರಾಂ ಸಿಬಿಡಿ ಇರಬಹುದು, ಅದೂ ಇಡೀ ಬಾಟಲಿಗೆ. ಆಹಾರದ ಲೈಸೆನ್ಸ್ ಸಂಖ್ಯೆ ಹಾಕಿಕೊಂಡು 'ಸಿಬಿಡಿಯ ಆಗರ' ಎಂದು ಮಾರುವವರು ಒಂದೋ ನಿಯಮ ಮುರಿಯುತ್ತಿದ್ದಾರೆ, ಇಲ್ಲವೇ ಸುಳ್ಳು ಹೇಳುತ್ತಿದ್ದಾರೆ.

ಬೀಜವನ್ನು ಆಹಾರವಾಗಿ ಕೊಂಡರೆ ತಪ್ಪೇನಿಲ್ಲ. ಉತ್ತರಾಖಂಡದ ಗುಡ್ಡಗಾಡಿನಲ್ಲಿ ಭಾಂಗಿನ ಬೀಜ ಹುರಿದು ಅರೆದ ಚಟ್ನಿ ಮನೆಮನೆಯ ಅಡುಗೆ, ನಮ್ಮಲ್ಲಿ ಗುರೆಳ್ಳು ಹಿಂಡಿ ಇದ್ದ ಹಾಗೆ. ಸಿಪ್ಪೆ ತೆಗೆದ ಬೀಜದಲ್ಲಿ ನೂರು ಗ್ರಾಮಿಗೆ ಸುಮಾರು ಮೂವತ್ತು ಗ್ರಾಂ ಪ್ರೋಟೀನು, ಅದು ಒಳ್ಳೆಯದೇ. ಒಮೆಗಾ-3ರ ಆಸೆಗೆ ಕೊಳ್ಳುವುದಾದರೆ ಮಾತ್ರ ಒಂದು ನಿಮಿಷ ತಡೆಯಿರಿ. ಅಗಸಿ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ ಇದೆ. ಹೆಂಪ್ ಬೀಜದ ಎಣ್ಣೆಯಲ್ಲಿ ಐದರಲ್ಲೊಂದು ಪಾಲಿನ ಆಸುಪಾಸು. ಧಾರವಾಡದ ಸಂತೆಯಲ್ಲಿ ಅಗಸಿಯ ಬೆಲೆ ಎಷ್ಟಿದೆ, ಹೆಂಪ್ ಬೀಜದ ಬೆಲೆ ಎಷ್ಟಿದೆ, ನೀವೇ ನೋಡಿ.

ಎಲೆಯಿಂದ ತೆಗೆದ ಸಾರ ಬೇರೆ ಲೋಕ. ಹೂಗೊಂಚಲಿನ ಸಾರ ಇನ್ನೂ ಬೇರೆ. ಸಿಬಿಡಿ, ಟಿಎಚ್‌ಸಿ ಇತ್ಯಾದಿಗಳೆಲ್ಲ ಇರುವುದು ಹೂವಿನ ಸುತ್ತಲಿನ ಸಣ್ಣ ಅಂಟುಗ್ರಂಥಿಗಳಲ್ಲಿ. ಎಲೆಯಲ್ಲಿ ಅದಕ್ಕಿಂತ ಕಡಿಮೆ. ಲೇಬಲ್ಲಿನ ಮೇಲೆ 'ಸೀಡ್ ಆಯಿಲ್' ಎಂದಿದ್ದರೆ ಬೀಜ, 'ಎಕ್ಸ್‌ಟ್ರ್ಯಾಕ್ಟ್' ಎಂದಿದ್ದರೆ ಎಲೆ ಅಥವಾ ಹೂವು. ಬರೀ 'ಹೆಂಪ್ ಆಯಿಲ್' ಎಂದಿದ್ದರೆ? ಮಾರುವವನಿಗೆ ನೀವು ಗೊಂದಲದಲ್ಲಿರುವುದೇ ಲಾಭ ಎಂದು ತಿಳಿಯಿರಿ. ನಾನಂತೂ ಅಂಥದ್ದನ್ನು ತಿರುಗಿಸಿ ಹಿಂದಿನ ಸಣ್ಣಕ್ಷರ ಓದುವ ತನಕ ಬಾಯಿ ತೆರೆಯುವುದಿಲ್ಲ.

ಅಣುಗಳ ಬಳಗ

ಟಿಎಚ್‌ಸಿ, ಸಿಬಿಡಿಯಂಥ ಅಣುಗಳಿಗೆ ಕ್ಯಾನಬಿನಾಯ್ಡ್ ಎಂದು ಹೆಸರು. ಈ ಗಿಡದಲ್ಲಿ ಅಂಥವನ್ನು ನೂರಕ್ಕೂ ಹೆಚ್ಚು ಗುರುತಿಸಿದ್ದಾರೆ. ಕೊಳ್ಳುವವರಿಗೆ ಬೇಕಾದವು ಏಳೆಂಟು.

ಟಿಎಚ್‌ಸಿ, ಸಿಬಿಡಿ ಇವೆರಡೂ ಒಂದೇ ಅಚ್ಚಿನ ಅಣ್ಣತಮ್ಮಂದಿರು. ಎರಡರಲ್ಲೂ 21 ಇಂಗಾಲ, 30 ಜಲಜನಕ, 2 ಆಮ್ಲಜನಕದ ಪರಮಾಣುಗಳು. ತೂಕವೂ ಒಂದೇ. ಟಿಎಚ್‌ಸಿಯಲ್ಲಿ ಒಂದು ಉಂಗುರ ಮುಚ್ಚಿಕೊಂಡಿದೆ, ಸಿಬಿಡಿಯಲ್ಲಿ ಅದು ಬಿಚ್ಚಿಕೊಂಡಿದೆ, ಅಷ್ಟೇ ವ್ಯತ್ಯಾಸ. ಆ ಒಂದು ಉಂಗುರದಿಂದ ಟಿಎಚ್‌ಸಿ ಮಿದುಳಿನ ಸಿಬಿ1 ಗ್ರಾಹಕಕ್ಕೆ ಬೀಗಕ್ಕೆ ಕೀಲಿ ಕೂತಂತೆ ಕೂತುಬಿಡುತ್ತದೆ, ಅಮಲು ಏರುತ್ತದೆ. ಸಿಬಿಡಿ ಅಲ್ಲಿ ಹಾಗೆ ಕೂರುವುದಿಲ್ಲ, ಅಮಲೂ ಇಲ್ಲ. ಟಿಎಚ್‌ಸಿಯನ್ನು ಶುದ್ಧವಾಗಿ ಬೇರ್ಪಡಿಸಿ ಅದರ ರಚನೆ ಬಿಡಿಸಿದ್ದು 1964ರಲ್ಲಿ, ಇಸ್ರೇಲಿನ ರಾಫೆಲ್ ಮೆಶೂಲಂ ಮತ್ತು ಯೆಹಿಯೆಲ್ ಗಾವ್ನಿ. ಅದೇ ಮೆಶೂಲಂ ಪ್ರಯೋಗಾಲಯ 1992ರಲ್ಲಿ ನಮ್ಮ ಮಿದುಳೇ ತಯಾರಿಸಿಕೊಳ್ಳುವ ಇಂಥದ್ದೇ ಒಂದು ಪದಾರ್ಥ ಕಂಡುಹಿಡಿದು ಅದಕ್ಕೆ 'ಆನಂದಮೈಡ್' ಎಂದು ಹೆಸರಿಟ್ಟಿತು. ನಮ್ಮ ಸಂಸ್ಕೃತದ ಆನಂದವೇ ಅದು. ಕೌಂಟರಿನಲ್ಲಿ ಈ ಕಥೆ ಹೇಳಿದರೆ ಎಲ್ಲರಿಗೂ ಖುಷಿ, ಮುಂದಿನ ಮಿಲಿಗ್ರಾಂ ಲೆಕ್ಕ ಹೇಳುವ ಹೊತ್ತಿಗೆ ಮೊಬೈಲ್ ನೋಡುತ್ತಾರೆ.

ಹಸಿ ಗಿಡದಲ್ಲಿ ಟಿಎಚ್‌ಸಿ ಹಾಗೇ ಇರುವುದಿಲ್ಲ. ಟಿಎಚ್‌ಸಿಎ ಎಂಬ ಆಮ್ಲದ ರೂಪದಲ್ಲಿರುತ್ತದೆ. ಅದನ್ನು ಹಸಿಯಾಗಿ ತಿಂದರೆ ಅಮಲಿಲ್ಲ. ಬೆಂಕಿ ತಾಗಿದರೆ, ಒಲೆಯಲ್ಲಿ ಕಾಸಿದರೆ, ಅದು ಇಂಗಾಲದ ಡೈಆಕ್ಸೈಡ್ ಬಿಟ್ಟು ಟಿಎಚ್‌ಸಿ ಆಗುತ್ತದೆ. ಲ್ಯಾಬ್ ವರದಿಯಲ್ಲಿ 0.877 ಎಂಬ ಸಂಖ್ಯೆ ಕಂಡರೆ ಹೆದರಬೇಡಿ: ಟಿಎಚ್‌ಸಿಎ ತೂಕವನ್ನು ಅದರಿಂದ ಗುಣಿಸಿ, ಇದ್ದ ಟಿಎಚ್‌ಸಿಗೆ ಕೂಡಿಸಿದರೆ ಒಟ್ಟು ಟಿಎಚ್‌ಸಿ ಸಿಗುತ್ತದೆ. ಅಮೆರಿಕದ ಅಂಗಡಿಗಳಲ್ಲಿ 'ಟಿಎಚ್‌ಸಿಎ ಹೆಂಪ್ ಹೂ' ಎಂದು ಮಾರುವ ಜಾಣತನ ಇದರಲ್ಲೇ ಅಡಗಿದೆ. ಟಿಎಚ್‌ಸಿ ಶೇ 0.3ರ ಒಳಗೆ, ಟಿಎಚ್‌ಸಿಎ ಮಾತ್ರ ಶೇ 20. ಕಡ್ಡಿ ಗೀರಿದ ಕೂಡಲೇ ಅದು ಶೇ 17.5ರ ಗಾಂಜಾ. ಡಬ್ಬಿಯ ಮೇಲೆ ಹೆಂಪ್, ಹೊಗೆಯಲ್ಲಿ ಗಾಂಜಾ.

ಡೆಲ್ಟಾ-8 ಎಂದಿದ್ದರೆ ಅದೂ ಟಿಎಚ್‌ಸಿಯೇ, ಸ್ವಲ್ಪ ಮೆತ್ತಗಿನದು. ಗಿಡದಲ್ಲಿ ಅದು ಇರುವುದು ಅತ್ಯಲ್ಪ. ಅಂಗಡಿಯಲ್ಲಿ ಸಿಗುವುದು ಸಿಬಿಡಿಯನ್ನು ಆಮ್ಲದಲ್ಲಿ ಬೇಯಿಸಿ ತಿರುಗಿಸಿದ್ದು. ಆ ಬೇಯಿಸುವಿಕೆಯಲ್ಲಿ ಮತ್ತೇನೇನು ಹುಟ್ಟಿತು, ಏನೇನು ಉಳಿಯಿತು ಎಂದು ನೋಡುವವರು ಇಲ್ಲದಿರುವುದೇ ನನ್ನ ತಕರಾರು. ಎಚ್‌ಎಚ್‌ಸಿ ಎಂಬುದನ್ನೂ ಇದೇ ಸಾಲಿಗೆ ಸೇರಿಸಿ. ಸಿಬಿಎನ್ ಎಂದರೆ ಟಿಎಚ್‌ಸಿ ಹಳೆಯದಾಗಿ ಗಾಳಿಗೆ ಸಿಕ್ಕು ಆದದ್ದು. ಅದನ್ನು ನಿದ್ದೆಗೆಂದು ಮಾರುತ್ತಾರೆ. ಸಿಬಿಜಿ ಎಂಬುದು ಇನ್ನೊಂದು. ಅದರ ಆಮ್ಲರೂಪದಿಂದಲೇ ಗಿಡ ಟಿಎಚ್‌ಸಿ, ಸಿಬಿಡಿಗಳನ್ನು ತಯಾರಿಸುತ್ತದೆ, ಇವರೆಲ್ಲರ ತಾಯಿ ಅದು. ಸಿಬಿಎನ್, ಸಿಬಿಜಿ ಎರಡಕ್ಕೂ ದುಡ್ಡು ಸುರಿಯುವಷ್ಟು ಪುರಾವೆ ನನಗೆ ಕಂಡಿಲ್ಲ.

ಸಿಬಿಡಿಗೆ ಪುರಾವೆ ಇರುವ ಜಾಗ ಒಂದಿದೆ: ಮಕ್ಕಳ ಕಠಿಣ ಮೂರ್ಛೆರೋಗ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಪಿಡಿಯೊಲೆಕ್ಸ್ ಎಂಬ ಶುದ್ಧ ಸಿಬಿಡಿ ದ್ರಾವಣವನ್ನು ಡ್ರಾವೆ ಮತ್ತು ಲೆನಾಕ್ಸ್-ಗಾಸ್ಟೊ ಎಂಬ ಎರಡು ಬಗೆಯ ಮೂರ್ಛೆಗೆ ಒಪ್ಪಿತು. ಅದರ ಪ್ರಮಾಣ ನೋಡಿ. ದೇಹತೂಕದ ಕಿಲೋಗೆ ದಿನಕ್ಕೆ 10 ಮಿಲಿಗ್ರಾಂ ಸಾಮಾನ್ಯ. 60 ಕಿಲೋ ತೂಗುವವರಿಗೆ ದಿನಕ್ಕೆ 600 ಮಿಲಿಗ್ರಾಂ ಆಯಿತು. ಆನ್‌ಲೈನಿನ '1000 ಮಿಲಿಗ್ರಾಂ' ಬಾಟಲಿ ಈ ಲೆಕ್ಕದಲ್ಲಿ ಎರಡು ದಿನಕ್ಕೂ ಸಾಲದು. ಅದೇ ಬಾಟಲಿಯ ಮೇಲೆ 'ದಿನಕ್ಕೆ ಐದು ಹನಿ' ಎಂದು ಬರೆದಿರುತ್ತಾರೆ. 30 ಎಂಎಲ್‌ನಲ್ಲಿ 1000 ಎಂದರೆ ಒಂದು ಎಂಎಲ್‌ಗೆ 33, ಇಪ್ಪತ್ತು ಹನಿಗೆ ಒಂದು ಎಂಎಲ್ ಎಂದು ಹಿಡಿದರೆ ಹನಿಗೆ ಒಂದೂಮುಕ್ಕಾಲು ಮಿಲಿಗ್ರಾಂ ಕೂಡ ಇಲ್ಲ. ಐದು ಹನಿಗೆ ಎಂಟು ಚಿಲ್ಲರೆ. ಆ ಎಂಟು ಮಿಲಿಗ್ರಾಂ ಮೊಣಕಾಲಿನ ತನಕ ಹೋಗಿ ಏನು ಮಾಡೀತು ಎಂದು ಯಾರಾದರೂ ಹೇಳಿದರೆ ಕೇಳಲು ಸಿದ್ಧಳಿದ್ದೇನೆ.

ಮಾಸ್ತರರ ಪ್ರಸಂಗ

2024ರ ಬೇಸಿಗೆಯಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ಕೇರಿ ಎಂಬ ಊರಿನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ನಮ್ಮನೆಯವರು ನಿವೃತ್ತ ಗಣಿತದ ಮಾಸ್ತರರು. ಮೂವತ್ತು ವರ್ಷ ಮಕ್ಕಳಿಗೆ ಶೇಕಡಾವಾರು ಕಲಿಸಿದವರು. ಆ ರಾಜ್ಯದಲ್ಲಿ ಗಾಂಜಾ ಕಾನೂನುಬಾಹಿರ. ಆದರೆ ಪೆಟ್ರೋಲ್ ಬಂಕಿನ ಪಕ್ಕದ ಅಂಗಡಿಯಲ್ಲಿ 'ಹೆಂಪ್' ಎಂದು ಬರೆದ ಪೆಪ್ಪರಮೆಂಟಿನಂಥ ಗಮ್ಮಿಗಳು ರಾಜಾರೋಷವಾಗಿ ಕೂತಿರುತ್ತವೆ. ಬೆನ್ನುನೋವಿಗೆ ಒಳ್ಳೆಯದು ಎಂದು ಅಂಗಡಿಯ ಹುಡುಗ ಹೇಳಿದನಂತೆ. ಇವರು ಡಬ್ಬಿ ತಿರುಗಿಸಿ 'ಟಿಎಚ್‌ಸಿ ಶೇ 0.3ಕ್ಕಿಂತ ಕಡಿಮೆ' ಎಂದು ಓದಿದರು. ಶೇ 0.3 ಅಂದರೆ ಇಲ್ಲವೆಂದೇ ಲೆಕ್ಕ ಎಂದುಕೊಂಡು 38 ಡಾಲರು ಕೊಟ್ಟು ತಂದರು. ನನಗೆ ಹೇಳಲಿಲ್ಲ.

ಊಟವಾದ ಮೇಲೆ ಒಂದು ತಿಂದರು. ಮುಕ್ಕಾಲು ಗಂಟೆಯಾದರೂ ಬೆನ್ನು ಅದೇ ಬೆನ್ನು. ಇನ್ನೊಂದು ತಿಂದರು. ರಾತ್ರಿ ಒಂಬತ್ತೂವರೆಗೆ ಸೋಫಾದಿಂದ ಕರೆದರು, "ಏ, ಇಲ್ಲಿ ಬಾ, ನನ್ನ ಎಡಗಾಲು ಎಲ್ಲಿ ಐತಿ ನೋಡು."

ಕಾಲು ಅಲ್ಲೇ ಇತ್ತು. ನಾಡಿ 118. ಬಾಯಿ ಒಣಗಿ, ಕಣ್ಣು ಕೆಂಪಾಗಿ, ಗಡಿಯಾರದ ಮುಳ್ಳು ನಿಂತುಬಿಟ್ಟಿದೆ ಎಂದು ಹಟ. ಪಾರ್ಶ್ವವಾಯುವೇ ಇರಬೇಕೆಂದು ನನ್ನ ಎದೆ ಒಡೆದುಹೋಯಿತು. ಮಾತು ತೊದಲಿಲ್ಲ, ಎರಡೂ ಕೈ ಸಮವಾಗಿ ಎತ್ತಿದರು, ನಕ್ಕರೆ ಬಾಯಿ ನೆಟ್ಟಗಿತ್ತು. ನಗುವುದನ್ನು ನಿಲ್ಲಿಸಲೇ ಇಲ್ಲ ಎನ್ನುವುದು ಬೇರೆ ಮಾತು. ಆಮೇಲೆ ಮಗಳು ಅವರ ಕಿಸೆಯಿಂದ ಡಬ್ಬಿ ತೆಗೆದಳು. ಅಲ್ಲಿನ ವಿಷ ಮಾಹಿತಿ ಕೇಂದ್ರಕ್ಕೆ ಫೋನು ಮಾಡಿದೆವು. ಒಬ್ಬರೇ ಬಿಡಬೇಡಿ, ಮೆಟ್ಟಿಲು ಹತ್ತಿಸಬೇಡಿ, ಎದೆನೋವು ಬಂದರೆ, ಎಚ್ಚರ ತಪ್ಪಿದರೆ ಕೂಡಲೇ ಆಸ್ಪತ್ರೆಗೆ ತನ್ನಿ ಎಂದರು. ಮಾರನೇ ದಿನ ಹನ್ನೊಂದಕ್ಕೆ ಎದ್ದು ಇಡ್ಲಿ ಕೇಳಿದರು.

ಬೆಳಿಗ್ಗೆ ಕೂತು ಅವರಿಂದಲೇ ಲೆಕ್ಕ ಮಾಡಿಸಿದೆ. ಒಂದು ಗಮ್ಮಿಯ ತೂಕ 4 ಗ್ರಾಂ, ಅಂದರೆ 4000 ಮಿಲಿಗ್ರಾಂ. ಅದರ ಶೇ 0.3 ಎಷ್ಟು? ಹನ್ನೆರಡು. ಅಂದರೆ 12 ಮಿಲಿಗ್ರಾಂ ಟಿಎಚ್‌ಸಿ ಹಾಕಿದರೂ ಅದು ಕಾನೂನಿನ ಕಣ್ಣಿಗೆ ಹೆಂಪೇ. ಇವರ ಡಬ್ಬಿಯಲ್ಲಿ ಗಮ್ಮಿಗೆ 10 ಇತ್ತು, ಎರಡಕ್ಕೆ 20. ಅಮೆರಿಕದ ರಾಷ್ಟ್ರೀಯ ಮಾದಕವ್ಯಸನ ಸಂಸ್ಥೆ ಸಂಶೋಧನೆಗೆಂದು 2021ರಲ್ಲಿ ನಿಗದಿ ಮಾಡಿದ ಒಂದು 'ಪ್ರಮಾಣ' 5 ಮಿಲಿಗ್ರಾಂ. ಜೀವಮಾನದಲ್ಲಿ ಭಂಗಿ ಮುಟ್ಟದ 67 ವರ್ಷದ ಮನುಷ್ಯ ಒಂದು ಗಂಟೆಯೊಳಗೆ ನಾಲ್ಕು ಪ್ರಮಾಣ ನುಂಗಿದ್ದರು. ಶೇಕಡಾ ಎಂಬುದು ಒಣಹೂವಿಗೆ ಮಾಡಿದ ಗೆರೆ. ತೂಕದ ಮಿಠಾಯಿಗೆ, ಅರ್ಧ ಲೀಟರಿನ ಪಾನೀಯಕ್ಕೆ ಅದನ್ನು ಹಚ್ಚಿದರೆ ಆನೆ ನುಸುಳುವಷ್ಟು ದೊಡ್ಡ ಕಿಂಡಿ. ಅದಕ್ಕೇ ಹೇಳುವುದು, ಡಬ್ಬಿಯ ಮೇಲಿನ ಶೇಕಡಾ ಬಿಟ್ಟು ಮಿಲಿಗ್ರಾಂ ಹುಡುಕಿ. ಒಂದು ತುಂಡಿಗೆ ಎಷ್ಟು, ಇಡೀ ಡಬ್ಬಿಗೆ ಎಷ್ಟು, ಎರಡೂ ಬರೆದಿರಬೇಕು. ಬರೆದಿಲ್ಲವೆಂದರೆ ಕೆಳಗಿಡಿ.

ಎರಡನೆಯ ತಪ್ಪು ಸಮಯದ್ದು. ಹೊಗೆ ಕೆಲವೇ ನಿಮಿಷದಲ್ಲಿ ಏರುತ್ತದೆ. ತಿಂದದ್ದು ಅರ್ಧ ಗಂಟೆಯಿಂದ ಎರಡು ಗಂಟೆ ತೆಗೆದುಕೊಳ್ಳುತ್ತದೆ, ಹೊಟ್ಟೆ ತುಂಬಿದ್ದರೆ ಇನ್ನೂ ತಡ. ಪಿತ್ತಜನಕಾಂಗದಲ್ಲಿ ಟಿಎಚ್‌ಸಿ ಇನ್ನೊಂದು ರೂಪಕ್ಕೆ ತಿರುಗುತ್ತದೆ, ಅದು ಮೂಲಕ್ಕಿಂತ ಗಡುಸು. 'ಇನ್ನೂ ಏನೂ ಆಗಿಲ್ಲ' ಎಂದು ಎರಡನೆಯದು ತಿನ್ನುವವರೇ ಕಾಲು ಹುಡುಕುವವರು.

ಅಮೆರಿಕದಲ್ಲಿ ಈ ಕಿಂಡಿ ಮುಚ್ಚಲು ಹೊರಟಿದ್ದಾರೆ. 2025ರ ನವೆಂಬರಿನಲ್ಲಿ ಅಲ್ಲಿನ ಕಾಂಗ್ರೆಸ್ ಪಾಸು ಮಾಡಿದ ಕಾಯ್ದೆಯಲ್ಲಿ ಟಿಎಚ್‌ಸಿಎ ಸೇರಿಸಿ ಒಟ್ಟು ಲೆಕ್ಕ ಹಿಡಿಯಬೇಕು, ಮಾರುವ ಒಂದು ಡಬ್ಬಿಗೆ 0.4 ಮಿಲಿಗ್ರಾಂ ದಾಟಬಾರದು ಎಂದು ಬರೆದರು. ಜಾರಿಗೆ ಒಂದು ವರ್ಷದ ಗಡುವು ಇಟ್ಟರು. ಅಲ್ಲಿರುವ ನಮ್ಮ ಮಕ್ಕಳು ಕೊಳ್ಳುವ ದಿನದ ರಾಜ್ಯದ ನಿಯಮವನ್ನು ಒಮ್ಮೆ ನೋಡಿಕೊಳ್ಳಲಿ.

ಲ್ಯಾಬ್ ವರದಿ

ಅಲ್ಲಿ ಕೊಳ್ಳಲಿ, ಇಲ್ಲಿ ಕೊಳ್ಳಲಿ, ಬ್ಯಾಚ್ ಸಂಖ್ಯೆಯ ಲ್ಯಾಬ್ ವರದಿ ಇಲ್ಲದ ಮಾಲು ಬೇಡ. ಡಬ್ಬಿಯ ಕ್ಯೂಆರ್ ಕೋಡ್ ಒತ್ತಿದರೆ ತೆರೆದುಕೊಳ್ಳುವುದು ವರದಿಯಾಗಿರಬೇಕು, ಜಾಹೀರಾತಾಗಿರಬಾರದು. ವರದಿಯ ಬ್ಯಾಚೂ ಡಬ್ಬಿಯ ಬ್ಯಾಚೂ ಒಂದೇ ಇರಬೇಕು. ಲ್ಯಾಬು ಕಂಪನಿಯದೇ ಆಗಿರಬಾರದು, ನಮ್ಮ ದೇಶದಲ್ಲಾದರೆ ಎನ್‌ಎಬಿಎಲ್ ಮಾನ್ಯತೆ ನೋಡಿ. ಟಿಎಚ್‌ಸಿ ಎದುರು 'ಎನ್‌ಡಿ' ಎಂದಿದ್ದರೆ ಸೊನ್ನೆ ಎಂದಲ್ಲ, ಅವರ ಯಂತ್ರಕ್ಕೆ ಕಾಣಿಸಲಿಲ್ಲ ಎಂದು. ಯಂತ್ರದ ಮಿತಿ ಎಷ್ಟೆಂದು ಪಕ್ಕದ ಕಾಲಮಿನಲ್ಲಿರುತ್ತದೆ. ಸೀಸ, ಕ್ಯಾಡ್ಮಿಯಂ, ಪಾದರಸ, ಆರ್ಸೆನಿಕ್ ಸಾಲುಗಳನ್ನು ಬಿಡದೆ ಓದಿ. ಈ ಗಿಡ ನೆಲದ ಭಾರಲೋಹಗಳನ್ನು ಹೀರುವುದರಲ್ಲಿ ನಿಸ್ಸೀಮ, ಚೆರ್ನೊಬಿಲ್ ಸುತ್ತಲಿನ ಮಣ್ಣು ತೊಳೆಯಲು ಇದನ್ನೇ ನೆಟ್ಟು ನೋಡಿದ್ದರು. ಕೀಟನಾಶಕ, ಉಳಿದ ದ್ರಾವಕ, ಇವೂ ಇರಬೇಕು.

ಇಷ್ಟು ಹಟ ಯಾಕೆಂದರೆ, 2017ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ. ಆನ್‌ಲೈನಿನಲ್ಲಿ ಕೊಂಡ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿದರು. ಲೇಬಲ್ಲಿಗೆ ಸರಿಹೊಂದಿದ್ದು ಶೇ 31 ಮಾತ್ರ. 18ರಲ್ಲಿ ಟಿಎಚ್‌ಸಿ ಸಿಕ್ಕಿತು.

'ಫುಲ್ ಸ್ಪೆಕ್ಟ್ರಂ' ಎಂದರೆ ಗಿಡದ ಎಲ್ಲವೂ, ಟಿಎಚ್‌ಸಿ ಸಮೇತ. 'ಬ್ರಾಡ್ ಸ್ಪೆಕ್ಟ್ರಂ' ಎಂದರೆ ಟಿಎಚ್‌ಸಿ ತೆಗೆದದ್ದು ಎಂದು ಅವರ ಮಾತು. 'ಐಸೊಲೇಟ್' ಎಂದರೆ ಸಿಬಿಡಿ ಒಂದೇ. ಕೆಲಸಕ್ಕೆ ಸೇರುವಾಗ ಮೂತ್ರ ಪರೀಕ್ಷೆ ಎದುರಿಸುವವರು ಫುಲ್ ಸ್ಪೆಕ್ಟ್ರಂ ಮುಟ್ಟಲೇಬಾರದು. ಟಿಎಚ್‌ಸಿ ಕೊಬ್ಬಿನಲ್ಲಿ ಕೂತು ನಿಧಾನಕ್ಕೆ ಇಳಿಯುತ್ತದೆ. ದಿನಾ ಸ್ವಲ್ಪಸ್ವಲ್ಪ ತೆಗೆದುಕೊಂಡರೂ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು, 'ಅದು ಹೆಂಪ್ ಸಾರ್' ಎಂದರೆ ಯಂತ್ರಕ್ಕೆ ಕಿವಿಯಿಲ್ಲ.

ನಮ್ಮ ದೇಶದ ಕಾನೂನು

ಇಲ್ಲಿ ಶೇ 0.3ರ ಮಾತು ಮರೆತುಬಿಡಿ. ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಹೆಂಪ್ ಬೇರೆ, ಕ್ಯಾನಬಿಸ್ ಬೇರೆ ಎಂದು ಒಪ್ಪುವುದೇ ಇಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೆಸರಿಸಿ, ಗಿಡದ ಭಾಗ ನೋಡಿ ಗೆರೆ ಎಳೆಯುತ್ತದೆ. ಅಂಟು ಎಂದರೆ ಚರಸ್, ಹೂಗೊಂಚಲು ಎಂದರೆ ಗಾಂಜಾ, ಎರಡೂ ಅಪರಾಧ. ಗೊಂಚಲಿನಿಂದ ಬೇರೆಯಾದ ಬೀಜ ಮತ್ತು ಎಲೆ ಆ ವ್ಯಾಖ್ಯಾನದ ಹೊರಗೆ. ಅದಕ್ಕೇ ಉತ್ತರದಲ್ಲಿ ಎಲೆಯಿಂದ ಮಾಡುವ ಭಾಂಗಿಗೆ ಸರ್ಕಾರಿ ಲೈಸೆನ್ಸಿನ ಅಂಗಡಿಗಳಿವೆ. ನಮ್ಮ ಕರ್ನಾಟಕ ಹೈಕೋರ್ಟ್ ಕೂಡ 2022ರಲ್ಲಿ ಒಂದು ಜಾಮೀನು ಅರ್ಜಿಯಲ್ಲಿ ಭಾಂಗ್ ಈ ಕಾಯ್ದೆಯ ಕೆಳಗೆ ಬರುವುದಿಲ್ಲ ಎಂದಿತ್ತು. ಅದನ್ನು ಓದಿ ಯಾರೂ ಎಲೆ ಹೊತ್ತು ತಿರುಗಬೇಡಿ. ಎಲೆಯ ನಡುವೆ ಒಂದು ಗೊಂಚಲು ಸಿಕ್ಕರೂ ಕಥೆ ಬೇರೆಯಾಗುತ್ತದೆ, ರಾಜ್ಯದ ಅಬಕಾರಿ ಕಾನೂನು ಇದ್ದೇ ಇದೆ.

ಇಲ್ಲಿ 'ಸಿಬಿಡಿ ಎಣ್ಣೆ' ಎಂದು ಸಿಗುವುದು ಬಹುಪಾಲು ಎಲೆಯ ಸಾರ. ಆಯುರ್ವೇದದ ಹೆಸರು ವಿಜಯಾ. ತಯಾರಕರಿಗೆ ಆಯುಷ್ ಲೈಸೆನ್ಸ್ ಇರಬೇಕು. ನಮ್ಮ ಔಷಧ ನಿಯಮಗಳು ಭಾಂಗನ್ನು ವಿಷದ್ರವ್ಯಗಳ ಪಟ್ಟಿಯಲ್ಲಿಟ್ಟಿವೆ, ಆದ್ದರಿಂದ ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಡಬ್ಬಿಯ ಮೇಲೆ ಇರಲೇಬೇಕು. ಲೈಸೆನ್ಸ್ ಸಂಖ್ಯೆ ಇಲ್ಲ, ಎಚ್ಚರಿಕೆ ಇಲ್ಲ, ವೈದ್ಯರ ಚೀಟಿ ಕೇಳುವುದಿಲ್ಲ ಎಂದರೆ ಆ ಮಾರಾಟಗಾರ ಬೇಡ. ಇನ್ನೊಂದು, ವಿಜಯಾ ಸಾರದಲ್ಲಿ ಟಿಎಚ್‌ಸಿ ಸಾಕಷ್ಟು ಇರಬಹುದು. ಸಿಬಿಡಿಗೆ ಟಿಎಚ್‌ಸಿ ಯಾವ ಅನುಪಾತದಲ್ಲಿದೆ ಎಂದು ಕೇಳಿ. ಒಂದಕ್ಕೊಂದು ಎಂದರೆ ಅಮಲು ಖಂಡಿತ, ಸ್ಕೂಟರ್ ಕೀಲಿ ಯಾರಿಗಾದರೂ ಕೊಟ್ಟುಬಿಡಿ.

ವಿದೇಶದಿಂದ ತರಿಸುವುದು, ಸೂಟ್‌ಕೇಸಿನಲ್ಲಿ ತರುವುದು ಎರಡೂ ಮೂರ್ಖತನ. ಅಲ್ಲಿ ರಸೀದಿ ಕೊಟ್ಟು ಮಾರಿದ್ದು ಇಲ್ಲಿ ಟಿಎಚ್‌ಸಿ, ಅಷ್ಟೇ. ಬ್ಯಾಂಕಾಕಿನಿಂದ ಬರುವವರ ಚೀಲಗಳಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಏನೇನು ಸಿಗುತ್ತದೆಂದು ಪೇಪರಿನಲ್ಲಿ ಓದುತ್ತಲೇ ಇರುತ್ತೀರಿ. ಸಿಂಗಪುರದ ಮೂಲಕ ಹೋಗುವವರು ಬರೀ ಸಿಬಿಡಿ ಎಣ್ಣೆಯನ್ನೂ ಒಯ್ಯಬಾರದು, ಅಲ್ಲಿ ಅದೂ ನಿಷಿದ್ಧ.

ನನ್ನ ಕೌಂಟರಿನ ಕೊನೆಯ ಪ್ರಶ್ನೆ ಬೇರೆ ಮಾತ್ರೆಗಳದ್ದು. ಸಿಬಿಡಿಗೆ ಅಮಲಿಲ್ಲ ಎಂದ ಮಾತ್ರಕ್ಕೆ ಅದು ತುಳಸಿನೀರಲ್ಲ. ಪಿತ್ತಜನಕಾಂಗದಲ್ಲಿ ಔಷಧಗಳನ್ನು ಕರಗಿಸುವ ಕಿಣ್ವಗಳನ್ನೇ ಅದು ಹಿಡಿದು ಕೂರುತ್ತದೆ. ಹೃದಯದ ಕವಾಟ ಬದಲಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುವವರಿಗೆ ರಕ್ತಸ್ರಾವದ ಭಯ. ಮೂರ್ಛೆಗೆ ಕ್ಲೋಬಜಾಮ್ ತೆಗೆದುಕೊಳ್ಳುವವರಿಗೆ ಮಂಪರು ಏರುತ್ತದೆ. ವಾಲ್ಪ್ರೋಯೇಟ್ ಜೊತೆಗೆ ಪಿತ್ತಜನಕಾಂಗದ ಕಿಣ್ವಗಳು ಏರಿದ್ದು ಎಪಿಡಿಯೊಲೆಕ್ಸ್ ಪರೀಕ್ಷೆಗಳಲ್ಲೇ ಕಂಡಿದೆ. ಮೂತ್ರಪಿಂಡ ಕಸಿಯಾಗಿ ಟ್ಯಾಕ್ರೊಲಿಮಸ್ ತೆಗೆದುಕೊಳ್ಳುವವರು ಅತ್ತ ತಲೆ ಹಾಕಲೇಬಾರದು. ಬಸುರಿ, ಬಾಣಂತಿಯರು ಬೇಡವೇ ಬೇಡ. ಮನೆಯಲ್ಲಿ ಮಕ್ಕಳಿದ್ದರೆ ಗಮ್ಮಿಯಂಥ ಮಿಠಾಯಿ ರೂಪ ಯಾವುದೂ ಬೇಡ, ಬೀಗ ಹಾಕಿದರೂ ಬೇಡ. ಬಣ್ಣ ಕಂಡರೆ ಅವು ಬಿಡುವುದಿಲ್ಲ.

ಅಮೆರಿಕದಿಂದ ಊರಿಗೆ ಹೊರಡುವ ಹಿಂದಿನ ದಿನ ಮಗಳ ಮನೆಯಲ್ಲಿ ಸೂಟ್‌ಕೇಸ್ ತುಂಬುತ್ತಿದ್ದಾಗ ಆ ಡಬ್ಬಿ ಮತ್ತೆ ಸಿಕ್ಕಿತು. ಎಂಟು ಗಮ್ಮಿ ಉಳಿದಿದ್ದವು. ಬೇಡದ ಔಷಧವನ್ನು ಹಾಗೇ ಎಸೆಯದೆ ಕಾಫಿ ಚರಟದಂಥ ಯಾರೂ ಬಾಯಿಗೆ ಹಾಕದ ವಸ್ತುವಿನ ಜೊತೆ ಕಲಸಿ ಚೀಲ ಕಟ್ಟಿ ಕಸಕ್ಕೆ ಹಾಕಬೇಕು, ಅದು ಎಫ್‌ಡಿಎ ಹೇಳುವ ವಿಧಾನ. ಮಗಳ ಫಿಲ್ಟರಿನ ಚರಟ ಬಗ್ಗಿಸಿ ನಾನು ಕಲಸುತ್ತಿದ್ದೆ. ನಮ್ಮನೆಯವರು ಪಕ್ಕದಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು.

"ಹತ್ತಕ್ಕ ಮೂವತ್ತೆಂಟು ಡಾಲರ್. ಅಂದ್ರ ಈಗ ಮೂವತ್ತು ಡಾಲರ್ ನಲವತ್ತು ಸೆಂಟ್ ಚೀಲದಾಗ ಹೋತು" ಅಂದರು.

ಈ ಸಲ ಲೆಕ್ಕ ಸರಿಯಿತ್ತು.